ಹೊರಗೆ ನಿಂತವನಿಗೊಂದು ಪುಟ

ಗ್ಲ್ಯಾಡಿಸ್ ಬಾಯಿಯ ಮೇಲೆ ನನಗೆ ಮೊದಮೊದಲು ಸಿಟ್ಟಿತ್ತು. ಕಾಪು ಪೇಟೆಯಲ್ಲಿ ನನ್ನ ಎಸ್‌ಟಿಡಿ ಬೂತಿನ ಪಕ್ಕದ ಕೋಣೆಯಲ್ಲೇ ಅವರು ಸೈಬರ್ ಕೆಫೆ ತೆರೆದದ್ದು. ಗಲ್ಫಿನಲ್ಲಿದ್ದ ಗಂಡ, ಮಗ, ತಮ್ಮಂದಿರ ಜೊತೆ ಮಾತನಾಡಲು ನನ್ನಲ್ಲಿ ಸಾಲು ನಿಲ್ಲುತ್ತಿದ್ದ ಜನ ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ನಾನು ಬೂತಿನೊಳಗೇ ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು, ಇಂಟರ್‌ನೆಟ್ಟಿಗೆ ಶಾಪ ಹಾಕುತ್ತ ದಿನ ದೂಡುತ್ತಿದ್ದೆ. ಆದರೂ ಹೇಳುತ್ತೇನೆ, ಆ ಹೆಂಗಸಿನಷ್ಟು ನಿಷ್ಠೆಯಿಂದ ಬಾಗಿಲು ಕಾದವರನ್ನು ನಾನು ಬೇರೆ ಕಂಡಿಲ್ಲ.

ಅವರು ಹುಟ್ಟಿದ್ದು ಕಾರ್ಕಳದಲ್ಲಿ. ಮಣಿಪಾಲದ ಮುದ್ರಣಾಲಯವೊಂದರಲ್ಲಿ ಡಿಟಿಪಿ ಮಾಡುತ್ತ ಮಾಡುತ್ತ ವೆಬ್‌ಸೈಟಿನ ಕೆಲಸ ಕಲಿತರು. ಗಂಡ ಬಹರೈನಿನಲ್ಲಿ. ಜೂಮ್ಲಾ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತಿತ್ತು. ಯಾರು ಬೇಕಾದರೂ ಇಳಿಸಿಕೊಂಡು ತಮಗೆ ಬೇಕಾದಂತೆ ಸೈಟು ಕಟ್ಟಬಹುದು. ಅದರಲ್ಲಿ ಅವರು ಊರಿನ ಇಗರ್ಜಿಗೆ, ಎಂದರೆ ಚರ್ಚಿಗೆ, ಉಡುಪಿಯ ಲಾಡ್ಜೊಂದಕ್ಕೆ, ಕಾರ್ಕಳದಲ್ಲಿ ಶಿಲೆ ಕೆತ್ತುವವರೊಬ್ಬರಿಗೆ, ಇನ್ನೂ ಕೆಲವರಿಗೆ ಸೈಟು ಮಾಡಿಕೊಟ್ಟಿದ್ದರು. ಎಲ್ಲವೂ ಒಂದೇ ಬಾಡಿಗೆಯ ಸರ್ವರಿನಲ್ಲಿ, ಒಂದೇ ವಠಾರದ ಮನೆಗಳ ಹಾಗೆ. ಕಟ್ಟಿಕೊಟ್ಟರೆ ಕೆಲಸ ಮುಗಿಯಿತು ಎಂದು ಗಿರಾಕಿಗಳು ತಿಳಿಯುತ್ತಿದ್ದರು. ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಗ್ಲ್ಯಾಡಿಸ್ ಬಾಯಿ ಹಳೆಯದರ ನಕಲನ್ನು ಸಿಡಿಗೆ ಬರೆದಿಟ್ಟು, ಹೊಸದನ್ನು ಮೊದಲು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಆಮೇಲೆ ಸರ್ವರಿಗೆ ಏರಿಸುತ್ತಿದ್ದರು. ನಡುವೆ ಕರೆಂಟು ಹೋದರೆ ಪುನಃ ಮೊದಲಿನಿಂದ.

ಇಗರ್ಜಿಯ ಸೈಟಿನಲ್ಲಿ ಪರದೇಶದಲ್ಲಿದ್ದವರು ಮುಖ್ಯವಾಗಿ ನೋಡುತ್ತಿದ್ದದ್ದು ಎರಡು ಪುಟ. ಒಂದು ಮರಣದ ಪುಟ. ಊರಿನಲ್ಲಿ ಯಾರು ತೀರಿಕೊಂಡರು, ಮಣ್ಣು ಯಾವಾಗ ಎಂಬ ಸುದ್ದಿ. ಇನ್ನೊಂದು ಅತಿಥಿ ಪುಸ್ತಕ. ಬಂದವರು ಹೆಸರು, ಊರು, ಎರಡು ಮಾತು ಬರೆದು ಹೋಗುವ ಜಾಗ.

ಎರ್ಮಾಳಿನ ಎಸ್ತರ್ ಬಾಯಿ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದದ್ದು ಆ ಅತಿಥಿ ಪುಸ್ತಕಕ್ಕಾಗಿ. ಅವರ ಒಬ್ಬನೇ ಮಗ ಅಲೆಕ್ಸಾಂಡರ್ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ತಂದೆ ತೀರಿಕೊಂಡಾಗ ಶವವನ್ನು ಆಸ್ಪತ್ರೆಯಲ್ಲೇ ಇರಿಸಿ ಅವನಿಗಾಗಿ ಕಾದರು. ಹಡಗು ನಡುಸಮುದ್ರದಲ್ಲಿತ್ತು, ಅವನು ಬರಲಾಗಲಿಲ್ಲ. ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ ಅಂಗಳಕ್ಕೆ ಬಂದು ನಿಂತ ಮಗನಿಗೆ ನೆಂಟರೆಲ್ಲರ ಎದುರು ತಾಯಿ, "ಇನ್ನು ಈ ಮೆಟ್ಟಿಲು ಹತ್ತಬೇಡ" ಎಂದುಬಿಟ್ಟರು. ಅವನು ಹತ್ತಲಿಲ್ಲ. ಬ್ಯಾಗು ಹೆಗಲಿಗೇರಿಸಿಕೊಂಡು ಹಾಗೇ ತಿರುಗಿದ. ಆಮೇಲೆ ಫೋನಿಲ್ಲ, ಕಾಗದವಿಲ್ಲ. ಅತಿಥಿ ಪುಸ್ತಕದಲ್ಲಿ ಮಾತ್ರ ಆಗೀಗ ಒಂದು ಸಾಲು ಬೀಳುತ್ತಿತ್ತು. 'ಅಲೆಕ್ಸಾಂಡರ್, ಡರ್ಬನ್.' 'ಅಲೆಕ್ಸಾಂಡರ್, ಒಡೆಸ್ಸಾ.' ಹೆಸರು ಮತ್ತು ಬಂದರು, ಬೇರೇನೂ ಇಲ್ಲ. ಗ್ಲ್ಯಾಡಿಸ್ ಬಾಯಿ ಅದನ್ನು ಓದಿ ಹೇಳುತ್ತಿದ್ದರು. ಮಗ ಬದುಕಿದ್ದಾನೆ ಎಂದು ತಿಳಿದುಕೊಂಡು ಆ ತಾಯಿ ಮನೆಗೆ ಹೋಗುತ್ತಿದ್ದರು. ಹಟದಲ್ಲಿ ತಾಯಿ ಮಗ ಇಬ್ಬರೂ ಒಂದೇ.

ಎರಡು ಸಾವಿರದ ಏಳರಲ್ಲಿ ಸೈಟಿಗೆ ಕಳ್ಳರು ನುಗ್ಗಿದರು. ಒಂದು ಬೆಳಿಗ್ಗೆ ನೋಡಿದರೆ ಇಗರ್ಜಿಯ ಚಿತ್ರವಿದ್ದ ಜಾಗದಲ್ಲಿ ಕಪ್ಪು ಪುಟ, ಅದರ ಮೇಲೆ ತಲೆಬುರುಡೆ. ಅತಿಥಿ ಪುಸ್ತಕಕ್ಕೆಂದು ಹಾಕಿದ್ದ ಯಾರೋ ಬರೆದ ಬಿಡಿ ತಂತ್ರಾಂಶದ ತುಂಡಿನಲ್ಲಿ ತೂತಿತ್ತಂತೆ. ಗ್ಲ್ಯಾಡಿಸ್ ಬಾಯಿ ಎಲ್ಲ ಅಳಿಸಿ, ಸಿಡಿಯಿಂದ ಪುನಃ ಏರಿಸಿ, ಪಾಸ್‌ವರ್ಡುಗಳನ್ನು ಬದಲಿಸಿ ತೂತು ಮುಚ್ಚಿದರು. ಆದರೆ ಸೈಟು ಸೈಟಿಗೆ ತಾವಾಗಿ ನುಗ್ಗಿ ಜಾಹೀರಾತು ತುರುಕುವ ಯಂತ್ರಗಳು ದಾರಿ ಕಂಡ ಮೇಲೆ ಬಿಡುತ್ತವೆಯೇ? ಅತಿಥಿ ಪುಸ್ತಕದ ತುಂಬ ಹೊಲಸು ಔಷಧದ ಜಾಹೀರಾತು ಸುರಿಯತೊಡಗಿತು. ಇನ್ನೊಮ್ಮೆ ಹೀಗಾದರೆ ನಿಮ್ಮ ಸೈಟುಗಳನ್ನೆಲ್ಲ ಮುಚ್ಚುತ್ತೇವೆ ಎಂದು ಸರ್ವರಿನವರು ಕಡೆಯ ಎಚ್ಚರಿಕೆ ಕೊಟ್ಟರು.

"ಎಲ್ಲ ರಷ್ಯಾ, ಯುಕ್ರೇನ್ ಕಡೆಯಿಂದ ಬರುವುದು, ಭೋಜಣ್ಣ. ಆ ದೇಶಗಳನ್ನೇ ಹೊರಗೆ ಹಾಕಿಬಿಡುತ್ತೇನೆ. ನಮ್ಮ ಜನ ಇರುವುದು ಗಲ್ಫಿನಲ್ಲಿ, ಬೊಂಬಾಯಿಯಲ್ಲಿ. ಅಲ್ಲಿ ನಮ್ಮವರು ಯಾರಿದ್ದಾರೆ, ಅಲ್ವಾ?"

"ಯಾರೂ ಇಲ್ಲ ಮಾರಾಯ್ತಿ, ಹಾಕಿ" ಎಂದೆ ನಾನು.

ಅವರು ಸರ್ವರಿನಲ್ಲಿ ನಾಲ್ಕು ಸಾಲು ಬರೆದು ಬಾಗಿಲು ಹಾಕಿದರು. ಜಾಹೀರಾತು ನಿಂತಿತು. ಅಲೆಕ್ಸಾಂಡರನ ಸಾಲೂ ನಿಂತಿತು.

ನಮಗಿಬ್ಬರಿಗೂ ಹೊಳೆಯಲಿಲ್ಲ. ಹಡಗು ದೂರ ಹೋಗಿರಬೇಕು ಎಂದುಕೊಂಡೆವು. ಎಸ್ತರ್ ಬಾಯಿ ಬರುವರು, "ಇಲ್ಲ" ಎಂಬುದನ್ನು ಕೇಳುವರು, ಹೋಗುವರು. ಕ್ರಿಸ್ಮಸ್ ಕಳೆಯಿತು. ಮಗನನ್ನು ಹಡಗಿಗೆ ಸೇರಿಸಿದ್ದ ಬೊಂಬಾಯಿಯ ಏಜೆಂಟನ ಆಫೀಸಿಗೆ ನನ್ನ ಬೂತಿನಿಂದಲೇ ಫೋನು ಮಾಡಿಸಿದರು. ಅದು ಬಾಗಿಲು ಮುಚ್ಚಿ ಬಹಳ ಕಾಲವಾಗಿತ್ತು. ಆ ತಾಯಿ ದಿನದಿನಕ್ಕೆ ಬತ್ತಿಹೋದರು. ನೋಡಲಾಗದೆ ನಾನು ಜೆರಾಕ್ಸ್ ಯಂತ್ರದ ಹಿಂದೆ ಬಗ್ಗಿಕೊಳ್ಳುತ್ತಿದ್ದೆ.

ಮಳೆ ಹಿಡಿಯುವ ಮೊದಲು ಒಂದು ದಿನ ಬಂದವರು ಅತಿಥಿ ಪುಸ್ತಕದ ವಿಷಯ ಎತ್ತಲೇ ಇಲ್ಲ. "ಗ್ಲ್ಯಾಡಿಸ್, ಅವನ ಹೆಸರನ್ನು ಮರಣದ ಪುಟಕ್ಕೆ ಹಾಕು" ಎಂದರು.

"ಎಂತ ಹೇಳುತ್ತೀರಿ ಬಾಯಿ!"

"ಸಮುದ್ರ ತಿಂದಿರಬೇಕು. ಹೆಸರು ಹಾಕಿದರೆ ನೋಡಿದವರು ಒಂದು ಪ್ರಾರ್ಥನೆಯಾದರೂ ಹೇಳಿಯಾರು. ನನಗೆ ಇನ್ನು ಕಾಯಲು ಆಗುವುದಿಲ್ಲ."

ಗ್ಲ್ಯಾಡಿಸ್ ಬಾಯಿ, ಅವನು ಕಡೆಯ ಸಲ ಬರೆದದ್ದೆಲ್ಲಿಂದ ಎಂದು ಹಳೆಯ ಸಾಲು ತೆರೆದರು. ಒಡೆಸ್ಸಾ. "ಅಲ್ಲಿಂದಲೇ ಗೋಧಿ ತುಂಬಿಸುವುದು. ಹಡಗು ಅಲ್ಲಿಗೇ ಹೋಗಿ ಬರುತ್ತಿರುತ್ತದೆ, ಅವನಿಗೆ ಇಳಿಯಲು ಬಿಡುವು ಸಿಗುವುದೂ ಹೆಚ್ಚಾಗಿ ಅಲ್ಲೇ" ಎಂದರು ಎಸ್ತರ್ ಬಾಯಿ. ಗ್ಲ್ಯಾಡಿಸ್ ಬಾಯಿಯ ಮುಖದ ಬಣ್ಣವೇ ಇಳಿಯಿತು. ಒಡೆಸ್ಸಾ ಇರುವುದು ಯುಕ್ರೇನಿನಲ್ಲಿ.

ಬಾಗಿಲಿಂದ ಯಾರನ್ನೆಲ್ಲ ಹಿಂದೆ ಕಳುಹಿಸಿದೆ ಎಂಬುದನ್ನು ಸರ್ವರು ಬರೆದಿಡುತ್ತದೆ. ಗ್ಲ್ಯಾಡಿಸ್ ಬಾಯಿ ಆ ಪಟ್ಟಿ ತೆರೆದರು. ಜಾಹೀರಾತಿನ ಯಂತ್ರಗಳೆಲ್ಲ ನೇರ ಅತಿಥಿ ಪುಸ್ತಕಕ್ಕೆ ನುಗ್ಗಿ ಪೆಟ್ಟು ತಿಂದಿದ್ದವು. ಅವುಗಳ ನಡುವೆ ಒಬ್ಬ ಮಾತ್ರ ಬೇರೆ ರೀತಿ ಬಂದಿದ್ದ. ಮೊದಲು ಇಗರ್ಜಿಯ ಮುಖಪುಟ, ಆಮೇಲೆ ಮರಣದ ಪುಟ, ಕಡೆಗೆ ಅತಿಥಿ ಪುಸ್ತಕ. ಮೂರು ಕಡೆಯೂ ತಡೆ. ಸ್ವಲ್ಪ ದಿನ ಬಿಟ್ಟು ಪುನಃ ಅದೇ. ಯಂತ್ರಗಳು ಮರಣದ ಪುಟ ನೋಡುವುದಿಲ್ಲ. ತಾಯಿ ಇದ್ದಾಳೋ ಇಲ್ಲವೋ ಎಂದು ಅವನು ಹುಡುಕಿದ್ದ.

"ಬದುಕಿದ್ದಾನೆ ಬಾಯಿ" ಎಂದು ಗ್ಲ್ಯಾಡಿಸ್ ಬಾಯಿ ಅತ್ತುಬಿಟ್ಟರು. "ಅವನಿಗೆ ಕಂಡದ್ದು ಒಂದೇ ಮಾತು. ನಿನಗೆ ಇಲ್ಲಿಗೆ ಪ್ರವೇಶ ಇಲ್ಲ ಅಂತ."

ಎಸ್ತರ್ ಬಾಯಿ ಕುರ್ಚಿಯ ಕೈ ಹಿಡಿದುಕೊಂಡರು. "ನಾನೇ ಹೇಳಿಸಿದ್ದು ಅಂದುಕೊಂಡಿರುತ್ತಾನೆ" ಎಂದರು.

ಗ್ಲ್ಯಾಡಿಸ್ ಬಾಯಿ ಮರುದಿನವೇ ತಡೆ ತೆಗೆದರು. ಸಂಜೆಯೊಳಗೆ ಹೊಲಸು ಪುನಃ ಉಕ್ಕಿತು, ಸರ್ವರಿನವರು ಎಲ್ಲ ಸೈಟುಗಳನ್ನೂ ಮುಚ್ಚಿದರು. ಲಾಡ್ಜಿನವರು ಬೈದರು, ಕಾರ್ಕಳದವರು ಬೈದರು. ಕಾಡಿ ಬೇಡಿ ತೆರೆಸಿಕೊಂಡಾಗ ತಡೆ ಹಾಕಲೇಬೇಕಾಯಿತು. ಅವನೊಬ್ಬನನ್ನು ಬಿಡೋಣವೆಂದರೆ ಪ್ರತಿ ಸಲವೂ ಬೇರೆ ಬೇರೆ ಕಂಪ್ಯೂಟರಿನಿಂದ ಬಂದಿದ್ದ.

"ಮುಖಪುಟದಲ್ಲೇ ಅವನಿಗೆ ಎರಡು ಮಾತು ಬರೆದರೆ?" ಎಂದೆ.

"ಅವನಿಗೆ ಮುಖಪುಟ ಕಾಣುವುದಿಲ್ಲ, ಭೋಜಣ್ಣ."

"ಊರಿಗೆಲ್ಲ ಕಾಣುತ್ತದೆ, ಅದು ಬೇಡ" ಎಂದರು ಎಸ್ತರ್ ಬಾಯಿ.

"ನಾವು ತಡೆದವರಿಗೆ ಕಾಣುವ ಪುಟ ಒಂದು ಉಂಟಲ್ಲ" ಎಂದರು ಗ್ಲ್ಯಾಡಿಸ್ ಬಾಯಿ. "ಪ್ರವೇಶ ಇಲ್ಲ ಅನ್ನುವ ಪುಟ. ಅದರಲ್ಲಿ ನಮಗೆ ಬೇಕಾದ್ದು ಬರೆಯಬಹುದು. ನಮ್ಮ ಊರಿನವರು ಯಾರೂ ಅದನ್ನು ನೋಡುವುದಿಲ್ಲ. ಹೊರಗೆ ನಿಂತವನು ಮಾತ್ರ ನೋಡುತ್ತಾನೆ."

ಒಡೆಸ್ಸಾದ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುವುದು ಅನುಮಾನ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕೊಂಕಣಿ. ಎಸ್ತರ್ ಬಾಯಿ ಹೇಳಿದರು, ಗ್ಲ್ಯಾಡಿಸ್ ಬಾಯಿ ಒತ್ತಿದರು. ಕನ್ನಡದಲ್ಲಿ ಹೇಳಿದರೆ ಇಷ್ಟು: 'ಅಲೆಕ್ಸಾಂಡರ್, ನಿನ್ನನ್ನು ಇಲ್ಲಿ ತಡೆದದ್ದು ನಾನಲ್ಲ. ಅಂದು ತಡೆದದ್ದು ನಾನೇ. ನಿನ್ನ ಅಪ್ಪ ಹೋದ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ, ತಪ್ಪಾಯಿತು. ಮೆಟ್ಟಿಲು ಹತ್ತು, ಮಗಾ. ನಿನ್ನ ಮಾಂಯ್.' ಮಾಂಯ್ ಎಂದರೆ ತಾಯಿ. ಯಂತ್ರಗಳಿಗೂ ಕಳ್ಳರಿಗೂ ಅಂದಿನಿಂದ ಈ ಕಾಗದವೇ ಸಿಕ್ಕಿತು.

ಮಳೆಗಾಲ ಪೂರ್ತಿ ಕಾದೆವು. ಸರ್ವರಿನಲ್ಲಿ ಅವನ ಗುರುತಿರಲಿಲ್ಲ. ಎಸ್ತರ್ ಬಾಯಿಗೆ ಬಸ್ಸಿನ ಮೆಟ್ಟಿಲು ಹತ್ತಲೂ ಕಷ್ಟವಾಗುತ್ತಿತ್ತು, ಆದರೂ ತಪ್ಪಿಸಲಿಲ್ಲ. ತಡವಾಯಿತು, ಅವನು ಪುನಃ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ನವರಾತ್ರಿಯ ಹೊತ್ತಿಗೆ ಗ್ಲ್ಯಾಡಿಸ್ ಬಾಯಿ ಗೋಡೆಯಾಚೆಯಿಂದ, "ಭೋಜಣ್ಣಾ!" ಎಂದು ಕಿರುಚಿದರು. ಓಡಿದೆ. ಎಸ್ತರ್ ಬಾಯಿ ಅಲ್ಲೇ ಕುಳಿತಿದ್ದರು. ಅತಿಥಿ ಪುಸ್ತಕದಲ್ಲಿ, ಊರಿಗೆಲ್ಲ ಕಾಣುವ ಜಾಗದಲ್ಲಿ ಹೊಸ ಸಾಲು: 'ಅಲೆಕ್ಸಾಂಡರ್, ಸಲಾಲಾ. ಮಾಂಯ್, ಹತ್ತುತ್ತೇನೆ.'

ಸಲಾಲಾ ಒಮಾನಿನ ಬಂದರು, ಅಲ್ಲಿಗೆ ತಡೆಯಿರಲಿಲ್ಲ. ಮಳೆ ಕಳೆದ ಮೇಲೆ ಒಡೆಸ್ಸಾದಲ್ಲಿ ತಡೆಯ ಪುಟದ ಕಾಗದ ಓದಿಕೊಂಡು ಅವನು ಹೊರಟಿರಬೇಕು. ಎಲ್ಲಿಗೆ ಹತ್ತುತ್ತಾನಂತೆ ಎಂದು ಆಮೇಲೆ ಇಗರ್ಜಿಯಲ್ಲಿ ಹಲವರು ಕೇಳಿದರು. ನಾವು ಹೇಳಲಿಲ್ಲ.

ಎಸ್ತರ್ ಬಾಯಿ ಅದನ್ನು ಮತ್ತೆ ಮತ್ತೆ ಓದಿಸಿಕೊಂಡರು. ಬಸ್ಸಿಗೆ ಕಾಯಲಿಲ್ಲ, ರಿಕ್ಷಾ ಕರೆಯಲು ಹೇಳಿದರು. ಮನೆಯ ಮುಂದಿನ ಮೆಟ್ಟಿಲಿನ ಕಲ್ಲೊಂದು ಅಲ್ಲಾಡುತ್ತದಂತೆ. ಮೇಸ್ತ್ರಿ ಕಲ್ಲಯ್ಯ ಇವತ್ತೇ ಸಿಗುತ್ತಾನೋ ನೋಡಬೇಕು ಎಂದರು.