ಹನ್ನೆರಡು ಬೆಂಕಿಪೊಟ್ಟಣ

ಮೇಷ್ಟ್ರ ಬಲಗೈ ನಡುಗುತ್ತಿತ್ತು. ಕಾಫಿ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅಂಗಿ ಮೇಲೆ ಒಂದೆರಡು ತೊಟ್ಟು ಬಿದ್ದಿರುತ್ತಿತ್ತು. ಅದಕ್ಕೇ ಅಕ್ಕಸಾಲಿಗರ ಪುಟ್ಟ ತಕ್ಕಡಿಯನ್ನು ಕೈಯಲ್ಲಿ ಹಿಡಿಯದೆ ಕಿಟಕಿ ಸರಳಿಗೆ ಕಟ್ಟಿದ್ದರು.

ಗುಬ್ಬಿಯ ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಕಷ್ಟಪಟ್ಟು ತಗೊಂಡದ್ದು, ಹೇಳಿಕೊಳ್ಳೋಕೆ ಸಂಕೋಚವಿಲ್ಲ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ತುಮಕೂರಿನಲ್ಲಿ ರೂಮು. ಊರಿಗೆ ಹೋದರೆ ಅಪ್ಪ, ಅವ್ವ ನನ್ನನ್ನು ನೆಂಟರ ಹಾಗೆ ಕುರ್ಚಿ ಮೇಲೆ ಕೂರಿಸ್ತಾರೆ. ಏನು ಓದಿದೆ ಅಂತ ಕೇಳಿದವರು ಮೇಷ್ಟ್ರೊಬ್ಬರೇ. ರಿಟೈರಾಗಿದ್ದರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭಾನುವಾರ ಗುಬ್ಬಿಯ ಆ ಮನೆಯ ಬಾಗಿಲು ತಟ್ಟುತ್ತಿದ್ದವಳು ನಾನೊಬ್ಬಳೇ.

ಹೋದಾಗಲೆಲ್ಲ ಒಂದೇ ಒಗಟು. ಹನ್ನೆರಡು ಬೆಂಕಿಪೊಟ್ಟಣ, ಕಡ್ಡಿ ಹಾಕಿ, ತೆಗೆದು ಹನ್ನೊಂದನ್ನು ಸಮತೂಕ ಮಾಡಿಟ್ಟಿರುತ್ತಿದ್ದರು. ಒಂದರ ತೂಕ ಮಾತ್ರ ಬೇರೆ. ಹೆಚ್ಚೋ ಕಮ್ಮಿಯೋ ಹೇಳುತ್ತಿರಲಿಲ್ಲ. ಮೂರೇ ಸಲ ತೂಗಿ ಅದನ್ನು ಹಿಡಿಯಬೇಕು. ನಾನು ಶುರುವಿಗೇ ಆ ಕಡೆ ಆರು, ಈ ಕಡೆ ಆರು ಇಟ್ಟುಬಿಡುತ್ತಿದ್ದೆ.

"ಮಠದ ಊಟದ ಥರ ಎಲ್ಲರನ್ನೂ ಒಂದೇ ಪಂಕ್ತೀಲಿ ಕೂರಿಸ್ಬೇಡ ಕಣವ್ವ. ನಾಲ್ಕು ಜನ ಹೊರಗೆ ಕಾಯ್ಲಿ. ಹೊರಗೆ ನಿಂತೋರೂ ಏನೋ ಹೇಳ್ತಾ ಇರ್ತಾರೆ," ಅನ್ನುತ್ತಿದ್ದರು ಮೇಷ್ಟ್ರು.

ಒಂದು ಭಾನುವಾರ ಬಸ್ಸಿನಲ್ಲಿ ಬರುವಾಗ ಪೂರ್ತಿ ಹೊಳೆಯಿತು. ಬಾಗಿಲಲ್ಲೇ ಹೇಳಿದೆ, ಬಂತು ಸಾರ್ ಅಂತ. ಮೇಷ್ಟ್ರು, ಕಾಫಿ ಕುಡಿದು ತೂಗುವೆಯಂತೆ ಅಂದು, ಸಾಲಿನಿಂದ ಒಂದು ಪೊಟ್ಟಣ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋಗಿ ನಿಂತೆ. ಕಡ್ಡಿ ಗೀರಿದರು, ಆರಿತು. ಇನ್ನೊಂದು ಗೀರಿದರು. ಕೈ ನಡುಕ, ಪಾಪ ಅಂದುಕೊಂಡೆ. ಆದರೆ ಸ್ಟೌವ್ ಹತ್ತಿದ ಮೇಲೂ ಗೀರಿ ಗೀರಿ ಊದಿದರು. ಗ್ಯಾಸ್ ಲೈಟರ್ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.

ಕಡ್ಡಿ ಕಮ್ಮಿಯಾದ ಆ ಪೊಟ್ಟಣ ತಂದು ಸಾಲಿನಲ್ಲಿ ಮತ್ತೆ ಇಟ್ಟರು. ನಾನು ಮೂರು ಸಲ ತೂಗಿದೆ. ತಕ್ಕಡಿ ಹೇಳಿದ್ದಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗಲಿಲ್ಲ.

"ನೋಡ್ದಾ, ಇನ್ನೂ ಬಂದಿಲ್ಲ," ಅಂದರು ಮೇಷ್ಟ್ರು, ನನ್ನ ಮುಖ ನೋಡದೆ. ಪೊಟ್ಟಣಗಳನ್ನು ಮತ್ತೆ ಸಾಲಾಗಿ ಜೋಡಿಸುತ್ತಾ, "ಬಂದ್ಬುಟ್ರೆ ಆಮೇಲೆ ನಿಂಗೇನ್ ಕೆಲ್ಸ ಇಲ್ಲಿ?"

"ಎಲ್ಲೋ ಎಡವಿದೀನಿ ಸಾರ್. ಮುಂದಿನ ವಾರ ನೋಡ್ತೀನಿ," ಅಂದೆ.

ಆಮೇಲೆ ಎಷ್ಟೋ ಭಾನುವಾರ ಎಡವಿದೆ. ಗೊತ್ತಿದ್ದೂ ಎಡವೋದು ಕಲಿಯೋದರಷ್ಟು ಸುಲಭವಲ್ಲ. ಅಪ್ಪಿತಪ್ಪಿ ಸರಿಯಾದ ಪೊಟ್ಟಣಕ್ಕೆ ಕೈ ಹೋದರೆ ಮೇಷ್ಟ್ರು ಕೆಮ್ಮುತ್ತಿದ್ದರು. ನಾನು ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಇಬ್ಬರೂ ನಗುತ್ತಿರಲಿಲ್ಲ.

ಹೋದ ವರ್ಷ ಮೇಷ್ಟ್ರು ಹೋದರು. ಮಣ್ಣು ಮುಗಿಸಿ ಬಂದ ಮೇಲೆ, ನಾನು ಎಂದೂ ನೋಡಿರದ ಅವರ ಅಣ್ಣನ ಮಗ ನನ್ನನ್ನು ನೀವ್ಯಾರು ಅಂತ ಕೇಳಿದ. ಮೇಷ್ಟ್ರ ಸ್ಟೂಡೆಂಟು ಅಂದೆ. ಯಾವ ಕಾಲದ ಸ್ಟೂಡೆಂಟು, ಇನ್ನೂ ಬರ್ತಿದ್ರಾ ಅಂತ ಅವನಿಗೆ ಆಶ್ಚರ್ಯ.

"ಹೂಂ," ಅಂದೆ. "ಒಂದು ಲೆಕ್ಕ ಬಂದಿರ್ಲಿಲ್ಲ."