ಯೋಸೆಲ್ ಆಡಿದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗುವ ಸರದಿ ನಿಮ್ಮದು. ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಹತ್ತು-ಹನ್ನೆರಡು ವರ್ಷಗಳ ಹಿಂದೆ ನಾನು ಅಬುಧಾಬಿಯಲ್ಲಿ ಜರ್ಮನ್ ಕಲಿಸುತ್ತಿದ್ದೆ. ಆಗೆಲ್ಲ ರಜೆಯೆಂದರೆ ಶುಕ್ರವಾರ. ಮಧ್ಯಾಹ್ನ ಖಾಲಿದಿಯಾ ಬಡಾವಣೆಯ ನಾಸಿರಾ ಆಂಟಿಯ ಮನೆಯಲ್ಲಿ ನಾವು ಕೆಲವು ಕನ್ನಡದ ಹೆಂಗಸರು ಸೇರುತ್ತಿದ್ದೆವು. ಆಂಟಿ ಭಟ್ಕಳದವರು, ಗಂಡನಿಗೆ ಬಟ್ಟೆ ವ್ಯಾಪಾರ. ಬಿರಿಯಾನಿ ಮುಗಿದ ಮೇಲೆ ಯಾರಾದರೊಬ್ಬರು ಕಥೆ ಓದುವುದು ರೂಢಿ. ಜರ್ಮನಿಯ ಹಳೆಯ ಕಥೆಗಳಲ್ಲಿ ಯೆಹೂದಿಗಳನ್ನು ಹೇಗೆ ಕಾಣುತ್ತಿದ್ದರೆಂದು ತೋರಿಸಬೇಕೆನಿಸಿ, ಆ ಸಲ ನಾನು ನಾನೂರು ವರ್ಷದ ಹಿಂದಿನ ಒಂದು ನಗೆಕಥೆಯನ್ನು ತೆಗೆದುಕೊಂಡು ಹೋಗಿ, ಓದುತ್ತಲೇ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದೆ.

ಒಂದು ಛತ್ರದಲ್ಲಿ ಬೆಳ್ಳಿ ಚಮಚ ಕಾಣೆಯಾಗುತ್ತದೆ. ಮೂಲೆಯಲ್ಲಿ ಕೂತ ಯೆಹೂದಿಯೇ ಕದ್ದನೆಂದು ಎಲ್ಲರೂ ತೀರ್ಮಾನಿಸುತ್ತಾರೆ. ಅವನ ಗಂಟು ಬಿಚ್ಚಿ ಚೆಲ್ಲಾಡುತ್ತಾರೆ. ಆ ಕಾಲದವರಿಗೆ ಇದೇ ತಮಾಷೆ.

ಆಂಟಿ ನನ್ನನ್ನು ತಡೆದರು. "ಅವನಿಗೊಂದು ಹೆಸರಿಲ್ವಾ?"

"ಇಲ್ಲ ಆಂಟಿ. ಬರೀ ಯೆಹೂದಿ ಅಂತಲೇ ಬರೆದಿದ್ದಾರೆ."

"ಬೆಂಗಳೂರಲ್ಲಿ ಮಗಳಿಗೆ ಮನೆ ಹುಡುಕುವಾಗ ನಮ್ಮ ಹೆಸರನ್ನೂ ಯಾರೂ ಕೇಳ್ಲಿಲ್ಲ. ನೀವು ಅವ್ರಾ ಅಂದ್ರು, ಬಾಗಿಲು ಹಾಕಿದ್ರು," ಎಂದು ಆಂಟಿ ನಗುತ್ತಲೇ ಹೇಳಿದರು. ನಮಗ್ಯಾರಿಗೂ ನಗು ಬರಲಿಲ್ಲ. ನಾನು ಮುಂದೆ ಓದಿದೆ.

ಛತ್ರದ ಯಜಮಾನ ಚಮಚವೆಲ್ಲಿ ಎಂದು ಗದರಿದ. ಆ ಮನುಷ್ಯ ಎದ್ದು ನಿಂತು ಹೇಳಿದ: "ನನ್ನ ಹೆಸರು ಯೋಸೆಲ್. ಮೊದಲು ನಿಮ್ಮ ಗಡ್ಡದಲ್ಲಿ ಹುಡುಕಿ ಸ್ವಾಮಿ, ಹೋದ ವಾರದ ಸೂಪು ಇನ್ನೂ ಅಲ್ಲೇ ಇದೆ."

ಕೇಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಂಟಿ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಓದು," ಎಂದರು. ನಾನು ಪುಟ ನೋಡಿದೆ. ಆ ಸಾಲು ಅಲ್ಲಿರಲಿಲ್ಲ. ಹಿಂದೆ ಮುಂದೆ ತಿರುವಿದೆ. ಕಥೆಯಲ್ಲಿ ಅವನು ಬಾಯಿಯನ್ನೇ ತೆರೆಯುವುದಿಲ್ಲ. ಸುಮ್ಮನೆ ಹಿಮದೊಳಗೆ ನಡೆದುಹೋಗುತ್ತಾನೆ.

ನಾನೇ ಕಟ್ಟಿ ಹೇಳಿದೆನೆನ್ನೋಣವೆಂದರೆ, ಯೋಸೆಲ್ ಎಂಬ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಅದು ಜೋಸೆಫನಿಗೆ ಯೆಹೂದಿಗಳ ಮನೆಗಳಲ್ಲಿದ್ದ ಮುದ್ದಿನ ಹೆಸರೆಂದು ಜರ್ಮನ್ ಸಹೋದ್ಯೋಗಿಯೊಬ್ಬರು ಆಮೇಲೆ ತಿಳಿಸಿದರು. ಆ ಸಾಲು ಓದಿದ ದನಿಯೂ ನನ್ನದಲ್ಲವಂತೆ. ಶೀತವಾದ ಗಂಡಸಿನ ದನಿಯಂತಿತ್ತೆಂದು ಕೂತವರೆಲ್ಲ ಹೇಳಿದರು. ನನಗಂತೂ ಸಾಲು ಕಣ್ಣೆದುರಿಗಿತ್ತು, ಓದಿದೆ, ಅಷ್ಟೇ ನೆನಪು. ಅದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಂಟಿಗೆ ಮಾತ್ರ ಭಯವೂ ಆಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಚಹಾಕ್ಕೆ ನೀರಿಡಲು ಏಳುತ್ತಾ, "ಅಷ್ಟು ಚಳಿಯಿಂದ ಬಂದ ಮನುಷ್ಯ, ಒಂದು ಸುಲೈಮಾನಿ ಕುಡಿದು ಹೋಗ್ಬಹುದಿತ್ತು," ಎಂದರು.