ಕಾನ್ಸುಲ್ ಪಾತ್ರ ನನ್ನ ಪಾಲಿಗೆ ಬಂತು

ಆಗ ನಾನು ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್ ಕಡೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಏಷ್ಯಾ ಇತಿಹಾಸದ ಐಚ್ಛಿಕ ತರಗತಿಯನ್ನು ಶುರುಮಾಡಿ ಬೆಳೆಸಿದವಳು ನಾನೇ. ಆ ವರ್ಷ ಸುಮಾ ಕೆಲಸಕ್ಕೆ ಸೇರಿದಳು. ಮೈಸೂರಿನವಳು, ನನ್ನ ಅರ್ಧ ವಯಸ್ಸು. ಮಕ್ಕಳೆಲ್ಲ ಅವಳ ಹಿಂದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ ಎಂದು ಸಮಾಧಾನ ಮಾಡಿಕೊಂಡೆ. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.

ಮುಂದಿನ ವರ್ಷದಿಂದ ಆ ತರಗತಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಎಂದರು ವಿಭಾಗದ ಮುಖ್ಯಸ್ಥರು. ಇಬ್ಬರೂ ಒಂದೇ ಪಾಠ ಮಾಡಬೇಕು, ಅವರು ಕುಳಿತು ನೋಡುತ್ತಾರೆ. ದಕ್ಷಿಣ ಚೀನಾದ ನದಿಯಲ್ಲಿ ದರೋಡೆಕೋರರು ವ್ಯಾಪಾರದ ಹಡಗುಗಳನ್ನು ದೋಚುತ್ತಿದ್ದ ಕಾಲದಲ್ಲಿ ಬ್ರಿಟಿಷರು ಚೀನೀ ಅಧಿಕಾರಿಗಳ ಮೇಲೆ ಹೇರಿದ ಒತ್ತಡ, ಅದೇ ಪಾಠ.

ಮೊದಲು ನಾನು ಮಾಡಿದೆ. ನಕಾಶೆ, ಒಪ್ಪಂದಗಳು, ಫಿರಂಗಿ ಹೊತ್ತ ಗನ್‌ಬೋಟುಗಳು, ಒಂದೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದರು.

ಮರುದಿನ ಸುಮಾಳದು ರೋಲ್ ಪ್ಲೇ, ಮಕ್ಕಳೇ ಪಾತ್ರಗಳಾಗಿ ಮಾತಾಡುವ ಪಾಠ. ಅವಳು ಎಡವುವುದನ್ನು ನೋಡಲೆಂದೇ ಹೋಗಿ ಕುಳಿತಿದ್ದೆ. ಅವಳು ನೇರ ನನ್ನ ಬಳಿಗೆ ಬಂದಳು.

"ಆಂಟಿ, ಬ್ರಿಟಿಷ್ ಕಾನ್ಸುಲ್ ಆಗ್ಬೇಕಿದ್ದ ಹುಡುಗ ಇವತ್ತು ಆಬ್ಸೆಂಟ್. ನೀವೇ ಮಾಡ್ತೀರಾ, ಪ್ಲೀಸ್?"

ಎಲ್ಲರೆದುರು ಆಂಟಿ ಎಂದಳಲ್ಲ, ಮೈಯೆಲ್ಲ ಉರಿಯಿತು. ಕಾನ್ಸುಲ್ ಎಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ. ಎದ್ದು ಹೋಗಿ ಸುಮಾಳ ಕುರ್ಚಿಯನ್ನೇ ಎಳೆದುಕೊಂಡು ಕುಳಿತೆ. ಚೀನೀ ಗವರ್ನರ್ ಆಗಿ ಗ್ರೇಸ್ ಎಂಬ ಹುಡುಗಿ ಎದುರು ನಿಂತಿದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ.

"ನಿಮ್ಮ ನದಿಯಲ್ಲಿ ನಮ್ಮ ಹಡಗಿಗೆ ಭದ್ರತೆ ಇಲ್ಲ. ನಿಮಗೆ ಆಗದಿದ್ದರೆ ಹೇಳಿ, ನಮ್ಮ ಗನ್‌ಬೋಟುಗಳು ಕಾವಲು ಕಾಯುತ್ತವೆ. ಸಹಾಯ ಅಷ್ಟೇ," ಎಂದು ನಕ್ಕೆ.

"ನಿಮ್ಮ ಗನ್‌ಬೋಟು ಕಾವಲಿಗೆ ಬಂದರೆ ನನ್ನ ಜನ ನನ್ನ ಮಾತು ಯಾಕೆ ಕೇಳುತ್ತಾರೆ? ಆಮೇಲೆ ನಾನು ಕಳ್ಳರನ್ನು ಹಿಡಿಯುವುದು ಹೇಗೆ?"

"ಅದು ನಿಮ್ಮ ಕಷ್ಟ."

ಸುಮಾಳ ಮೇಲಿನ ಸಿಟ್ಟೆಲ್ಲ ಆ ಮಾತಿನಲ್ಲಿತ್ತು. ಗ್ರೇಸಳ ಕಣ್ಣು ತುಂಬಿತು, ಆದರೂ ಅವಳು ಹಿಂದೆ ಸರಿಯಲಿಲ್ಲ. "ದಟ್ಸ್ ನಾಟ್ ಫೇರ್!" ಎಂದು ಯಾರೋ ಕೂಗಿದರು. ಮರುಕ್ಷಣ ಇಡೀ ತರಗತಿ ಎದ್ದು ನಿಂತು ನನ್ನೊಡನೆ ವಾದಕ್ಕೆ ಇಳಿಯಿತು. ಹಿಂದಿನ ದಿನ ಆಕಳಿಸಿದವರೇ ಎಲ್ಲರಿಗಿಂತ ಜೋರು.

ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ನನ್ನನ್ನು ಆ ಪಾತ್ರಕ್ಕೆ ಆರಿಸಿದ್ದು ಸುಮಾಳ ಜಾಣತನವಂತೆ. ತರಗತಿ ಅವಳಿಗೇ ಹೋಯಿತು.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಕಣ್ಣೆದುರು ಮೇಯ್ದರೆ ಮಾತ್ರ ಎದ್ದು ನಿಲ್ಲುತ್ತಾರೆ. ಇಷ್ಟು ವರ್ಷದ ವೃತ್ತಿಯ ಕೊನೆಯಲ್ಲಿ ಕಲಿತ ಪಾಠ ಅದು. ಅದನ್ನು ಕಲಿತದ್ದು ಅವಳ ತರಗತಿಯಲ್ಲಿ ಎಂಬುದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ನಿವೃತ್ತಳಾದ ಮೇಲೂ ಪ್ರತಿ ವರ್ಷ ಆ ಪಾಠ ಬಂದಾಗ ಕಾನ್ಸುಲ್ ಆಗಲು ಸುಮಾ ಕರೆಯುತ್ತಾಳೆ. ಹೋಗುತ್ತೇನೆ. ಆ ಕುರ್ಚಿಯಲ್ಲಿ ಕೂರಲು ನನಗೆ ಸಿಗುವುದು ಅದೊಂದು ಪೀರಿಯಡ್ ಮಾತ್ರ.